ತುಂಬದ ಗುಂಡಿ

ನಮ್ಮ ಊರುಗಳಲ್ಲಿ ಹಳೆಯ ಮನೆಗಳ ಯಜಮಾನರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತೊಂದಿದೆ: "ನಮ್ಮ ಪಾಯಿಖಾನೆಯ ಗುಂಡಿ ತೋಡಿಸಿ ನಲವತ್ತು ವರ್ಷವಾಯಿತು, ಇದುವರೆಗೆ ಒಮ್ಮೆಯೂ ತುಂಬಿಲ್ಲ." ಕೇಳಿದವರೂ ಅದೊಂದು ಮನೆತನದ ಭಾಗ್ಯವೆಂಬಂತೆ ತಲೆದೂಗುತ್ತಾರೆ. ದ್ರೌಪದಿಯ ಅಕ್ಷಯಪಾತ್ರೆ ಬರಿದಾಗುತ್ತಿರಲಿಲ್ಲ, ಈ ಗುಂಡಿ ತುಂಬುವುದಿಲ್ಲ. ಎರಡೂ ಸೋಜಿಗವೇ ಸರಿ. ಆದರೆ ಅಕ್ಷಯಪಾತ್ರೆಗೆ ಅನ್ನ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಸೂರ್ಯದೇವನ ವರವೆಂಬ ಉತ್ತರವಿತ್ತು. ಗುಂಡಿಗೆ ಬಿದ್ದದ್ದು ನಲವತ್ತು ವರ್ಷ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರವನ್ನು ನಾವೇ ಹುಡುಕಬೇಕು.

ಇದು ನಾಲ್ಕು ಜನರ ನಡುವೆ ಆಡುವ ಮಾತಲ್ಲವೆಂದು ಕೆಲವರಿಗೆ ಅನ್ನಿಸಬಹುದು. ಹಿತ್ತಿಲ ಗಿಡ ಮದ್ದಲ್ಲ ಎಂದು ಗಾದೆ. ಹಿತ್ತಿಲ ಗುಂಡಿಯಂತೂ ನಮ್ಮ ನೆನಪಿನಲ್ಲೇ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಗುಂಡಿಯನ್ನು ಮುಚ್ಚಿ, ನಿಯಮಕ್ಕೆ ಒಪ್ಪುವಂತಹ ಬೇರೆ ವ್ಯವಸ್ಥೆ ಮಾಡಿಕೊಳ್ಳುವ ಸಂದರ್ಭ ನನಗೆ ಒದಗಿತು. ಆಗ ಓದಿದ್ದು, ತಿಳಿದವರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು, ಇವುಗಳಲ್ಲಿ ಹತ್ತು ಜನಕ್ಕೆ ಉಪಯೋಗವಾಗುವ ಕೆಲವು ಅಂಶಗಳನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮದು 1968ರಲ್ಲಿ ತಂದೆಯವರು ಕಟ್ಟಿಸಿದ ಮನೆ. ಆ ಕಾಲದ ಪದ್ಧತಿಯಂತೆ ಹಿತ್ತಿಲಿನಲ್ಲಿ ಐದಡಿ ಅಗಲ, ಹತ್ತಡಿ ಆಳದ ಬಾವಿಯಂತಹ ಗುಂಡಿ, ಸುತ್ತಲೂ ಗಾರೆಯಿಲ್ಲದೆ ಪೇರಿಸಿದ ಕಾಡುಕಲ್ಲು, ತಳದಲ್ಲಿ ಬರಿಯ ಮಣ್ಣು, ಮೇಲೆ ಕಲ್ಲುಚಪ್ಪಡಿ. ಗಟ್ಟಿಯಾದುದು ತಳದಲ್ಲಿ ಉಳಿದು ಕೊಳೆಯುತ್ತದೆ, ನೀರು ಕಲ್ಲಿನ ಸಂದುಗಳಿಂದ ನೆಲಕ್ಕೆ ಇಂಗುತ್ತದೆ. ಇಷ್ಟೇ ಅದರ ಯಂತ್ರ. ವರ್ಷಗಳು ಕಳೆದಂತೆ ತಳದ ಗಸಿ ಏರುತ್ತದೆ. ಗೋಡೆಯ ಸುತ್ತಣ ಮಣ್ಣಿನ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳ ಲೋಳೆ ಕಟ್ಟಿಕೊಂಡು ನೀರಿಳಿಯುವ ದಾರಿ ಮುಚ್ಚುತ್ತದೆ. ಗುಂಡಿಗೆ ವಯಸ್ಸಾದ ಲಕ್ಷಣ ಆಗ ಹೊರಗೆ ಕಾಣಿಸಿಕೊಳ್ಳುತ್ತದೆ: ಸುರಿದ ನೀರು ತಡೆದು ತಡೆದು ಇಳಿಯುವುದು, ಮಳೆಗಾಲದಲ್ಲಿ ಚಪ್ಪಡಿಯ ಅಂಚಿನಲ್ಲಿ ಒದ್ದೆ, ಸಂಜೆಯ ಹೊತ್ತು ದುರ್ವಾಸನೆ. ಕಡೆಗೆ ಕಲ್ಲಿನ ಹಿಂದಿನ ಮಣ್ಣು ಜರಿದು ಚಪ್ಪಡಿ ವಾಲುತ್ತದೆ. ಅದರ ಮೇಲೆ ಮಕ್ಕಳು ಆಡುತ್ತಿರುತ್ತಾರೆಂಬುದನ್ನು ನೆನೆದರೆ ಇದು ಬರಿಯ ವಾಸನೆಯ ಪ್ರಶ್ನೆಯಲ್ಲವೆಂದು ತಿಳಿಯುತ್ತದೆ.

ಇನ್ನು ತುಂಬದ ಗುಂಡಿಯ ಮಾತು. ಎರೆಮಣ್ಣಿನ ಸೀಮೆಯಲ್ಲಿ ನೀರು ಬೇಗ ಇಂಗದು. ಅಲ್ಲಿ ಗುಂಡಿ ತುಂಬಿ ತನ್ನ ತಪ್ಪನ್ನು ತಾನೇ ಸಾರುತ್ತದೆ. ಕರಾವಳಿಯ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ, ಬಿರುಕುಬಿಟ್ಟ ಬಂಡೆಯ ನೆಲದಲ್ಲಿ, ನೀರು ಸರಸರನೆ ಹರಿದುಹೋಗುತ್ತದೆ. ಮಣ್ಣು ಸೋಸುವಷ್ಟು ಹೊತ್ತು ಅದು ಅಲ್ಲಿ ನಿಲ್ಲುವುದೇ ಇಲ್ಲ. ಹಾಗಾಗಿ ಎಂದೂ ತುಂಬದ ಗುಂಡಿ ಒಳ್ಳೆಯ ಗುಂಡಿಯಾಗಿರಬೇಕೆಂದಿಲ್ಲ. ಅದು ಯಾರದೋ ಬಾವಿಗೆ ನೆಟ್ಟಗೆ ದಾರಿಮಾಡಿಕೊಂಡ ಗುಂಡಿಯೂ ಆಗಿರಬಹುದು.

ಹೀಗೆ ದಾರಿಮಾಡಿಕೊಂಡ ಒಂದು ಗುಂಡಿ ಇತಿಹಾಸದಲ್ಲಿಯೇ ಪ್ರಸಿದ್ಧವಾಗಿದೆ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಕಾಲರಾ ಹುಟ್ಟಿ, ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಜಾನ್ ಸ್ನೋ ಎಂಬ ವೈದ್ಯ, ಸತ್ತವರಲ್ಲಿ ಹೆಚ್ಚಿನವರು ಆ ಬೀದಿಯ ಪಂಪಿನ ನೀರು ಕುಡಿದವರೆಂದು ಗುರುತಿಸಿದ. ಅವನ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು. ಈ ಕತೆ ಬಹಳ ಮಂದಿಗೆ ಗೊತ್ತು. ಪಂಪಿನ ಬಾವಿಗೆ ವಿಷ ಬಂದದ್ದು ಎಲ್ಲಿಂದ ಎಂಬ ಉತ್ತರಾರ್ಧ ಅಷ್ಟಾಗಿ ಗೊತ್ತಿಲ್ಲ. ಅದನ್ನು ಹುಡುಕಿದವನು ಹೆನ್ರಿ ವೈಟ್‌ಹೆಡ್ ಎಂಬ ಯುವಕ ಪಾದ್ರಿ. 40ನೆಯ ನಂಬರಿನ ಮನೆಯಲ್ಲಿ ಒಂದು ಹಸುಗೂಸಿಗೆ ಮೊದಲು ಭೇದಿಯಾಗಿತ್ತು. ತಾಯಿ ಬಟ್ಟೆ ಒಗೆದ ನೀರನ್ನು ಮನೆಯ ಗುಂಡಿಗೆ ಚೆಲ್ಲಿದ್ದಳು. 1855ರಲ್ಲಿ ಅಗೆದು ನೋಡಿದಾಗ ಆ ಹಳೆಯ ಗುಂಡಿಯ ಇಟ್ಟಿಗೆಗಳು ಸಡಿಲಗೊಂಡಿದ್ದವು; ಅಲ್ಲಿಂದ ಬಾವಿಗೆ ಮೂರಡಿಯೂ ಇರಲಿಲ್ಲ. ಆ ತಾಯಿ ಯಾರಿಗೂ ಕೇಡು ಬಯಸಿದವಳಲ್ಲ. ಅವಳ ಮನೆಯ ಗುಂಡಿಗೆ ವಯಸ್ಸಾಗಿತ್ತು, ಅಷ್ಟೆ.

ಇದೇ ಲಂಡನ್ನಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. 1840ರ ದಶಕದ ಕೊನೆಯಲ್ಲಿ ಅಲ್ಲಿನ ಅಧಿಕಾರಿಗಳು, ಮನೆಯ ಗುಂಡಿಗಳನ್ನು ಮುಚ್ಚಿ ಕೊಳೆಯನ್ನು ಚರಂಡಿಗೆ ಬಿಡಬೇಕೆಂದು ಒತ್ತಾಯಿಸಿದರು. ಗುಂಡಿಗಳೇನೋ ಕಡಿಮೆಯಾದವು, ಚರಂಡಿಗಳೆಲ್ಲ ಥೇಮ್ಸ್ ನದಿಗೆ ಬಿದ್ದವು, ಆ ನದಿಯಿಂದಲೇ ಕುಡಿಯುವ ನೀರೂ ಬರುತ್ತಿತ್ತು. 1858ರ ಬೇಸಗೆಯಲ್ಲಿ ನದಿಯ ದುರ್ಗಂಧ ಪಾರ್ಲಿಮೆಂಟಿನ ಕಿಟಕಿಗಳನ್ನು ಹೊಕ್ಕ ಮೇಲೆಯೇ ಬೃಹತ್ ಒಳಚರಂಡಿಯ ಯೋಜನೆಗೆ ಹಣ ದೊರೆತದ್ದು. ಗುಂಡಿಯನ್ನು ಬದಲಿಸುವುದು ಬೇರೆ, ಕೊಳೆಯನ್ನು ಸಾಗಹಾಕುವುದು ಬೇರೆ. ಆದುದರಿಂದ ಗುಂಡಿ ಬದಲಿಸುವ ಪ್ರತಿಯೊಬ್ಬನೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಇದರ ನೀರು ಎಲ್ಲಿಗೆ ಹೋಗುತ್ತದೆ? ಇದರ ಗಸಿಯನ್ನು ತೆಗೆಯುವವರು ಯಾರು?

ಮೊದಲನೆಯ ಪ್ರಶ್ನೆಗೆ ನಿಯಮಗಳಲ್ಲಿ ಉತ್ತರವಿದೆ. ಬೀದಿಯಲ್ಲಿ ಒಳಚರಂಡಿ ಇದ್ದರೆ ಅದಕ್ಕೆ ಜೋಡಿಸುವುದೇ ಮೊದಲ ದಾರಿ. ಇಲ್ಲದ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬರುವ ನೀರಿಗೆ ಇಂಗುಗುಂಡಿ. ಇವುಗಳ ಅಳತೆಯನ್ನು ಹೇಳುವ ಭಾರತೀಯ ಮಾನಕದ ಸಂಖ್ಯೆ 2470. ಅದು 1985ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರು, ಎಂದರೆ ಸುಮಾರು ಅರುವತ್ತಡಿ ದೂರವಿರಬೇಕು. ವಾಸದ ಮನೆಗೆ 6 ಮೀಟರಿಗಿಂತ ಹತ್ತಿರವಿರಬಾರದು. ಈ ಅಂಕಿಗಳನ್ನು ಓದಿ ನಾನು ಟೇಪು ಹಿಡಿದು ಹಿತ್ತಿಲಿಗೆ ಹೋದೆ. ನಮ್ಮ ಗುಂಡಿಯಿಂದ ನಮ್ಮ ಬಾವಿಗೆ ಮೂವತ್ತೆರಡಡಿ. ಪಕ್ಕದ ಮನೆಯ ಮೇಷ್ಟ್ರ ಬಾವಿಗೆ, ಗೋಡೆಯಾಚೆಗೆ, ಇಪ್ಪತ್ತೇಳಡಿ. ನಮ್ಮ ಬಾವಿಯ ನೀರನ್ನು ನಾವು ಗಿಡಗಳಿಗೆ ಹಾಕುತ್ತಿದ್ದೆವು; ಅವರು ಅದನ್ನೇ ಕುಡಿಯುತ್ತಿದ್ದರು. ನೆಲದೊಳಗಿನ ನೀರಿಗೆ ಕಾಂಪೌಂಡು ಗೋಡೆ ಗೊತ್ತಿಲ್ಲ.

ಎಲ್ಲ ಅಳತೆಗೂ ಸರಿಹೊಂದುವ ಜಾಗ ನಮ್ಮ ನಿವೇಶನದಲ್ಲಿ ಒಂದೇ ಇತ್ತು: ಮನೆಯ ಮುಂದೆ, ಗೇಟಿನ ಬಳಿ, ಪಾರಿಜಾತದ ಗಿಡವಿದ್ದ ಮೂಲೆ. ನನ್ನ ತಾಯಿ ಇದಕ್ಕೆ ಸುತರಾಂ ಒಪ್ಪಲಿಲ್ಲ. "ಬಾಗಿಲ ಮುಂದೆ ಇದನ್ನಿಟ್ಟುಕೊಂಡು ಸಂಜೆ ದೀಪ ಹಚ್ಚುವುದು ಹೇಗೋ?" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಹೊಲಸು ಹಿತ್ತಿಲಿಗೆ, ದೇವರು ಮುಂಬಾಗಿಲಿಗೆ ಎಂಬುದು ತಲೆತಲಾಂತರದಿಂದ ಬಂದ ವಿಂಗಡಣೆ. ನಾನು ವಾದಕ್ಕೆ ಹೋಗಲಿಲ್ಲ. ಬಾವಿಯ ನೀರಿನಲ್ಲಿ ಮಲದ ಸಂಪರ್ಕವಿದೆಯೇ ಎಂದು ನೋಡಲು ಒಂದು ಅಗ್ಗದ ಪರೀಕ್ಷೆಯಿದೆ. ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಅದನ್ನು ಪ್ರಕಟಿಸಿದರು. ಔಷಧಿ ಹಚ್ಚಿದ ಕಾಗದವುಳ್ಳ ಪುಟ್ಟ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚನೆಯ ಕಡೆ ಇಟ್ಟರೆ, ಕೆಟ್ಟ ನೀರು ಕಪ್ಪಾಗುತ್ತದೆ. ಮೇಷ್ಟ್ರ ಒಪ್ಪಿಗೆ ಪಡೆದು ಅವರ ಬಾವಿಯ ನೀರನ್ನು ತಂದು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟೆ. ಮರುದಿನ ಸಂಜೆಗೆ ಅದು ಮಸಿಯಂತೆ ಕಪ್ಪಾಗಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿದರು. ಮೇಷ್ಟ್ರ ಮೊಮ್ಮಗಳು ಆಗ ಎಂಟು ತಿಂಗಳ ಕೂಸು. "ಪಾರಿಜಾತವನ್ನು ಹಿಂದಕ್ಕೆ ನೆಡೋಣ" ಎಂದರು. ಆ ದಿನದಿಂದ ಮೇಷ್ಟ್ರ ಮನೆಯವರು ಕುಡಿಯಲು ನಲ್ಲಿಯ ನೀರನ್ನು ಕಾಯಿಸಿ ಆರಿಸಿಕೊಳ್ಳತೊಡಗಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮದು ಹಳೆಯ ಕಾಲದ ಉದ್ದನೆಯ ನಿವೇಶನವಾದುದರಿಂದ ಅರುವತ್ತಡಿ ದೊರೆಯಿತು. ಮೂವತ್ತು ನಲವತ್ತಡಿಯ ನಿವೇಶನಗಳು ಸಾಲಾಗಿರುವ ಬಡಾವಣೆಯಲ್ಲಿ, ಪ್ರತಿ ಮನೆಗೂ ಒಂದು ಬಾವಿ, ಪ್ರತಿ ಮನೆಗೂ ಒಂದು ಗುಂಡಿ ಇರುವಲ್ಲಿ, ಈ ನಿಯಮವನ್ನು ಪಾಲಿಸಲು ಸಾಧ್ಯವೇ ಇಲ್ಲ. ಅಂತಹ ಕಡೆ ಬೀದಿಯವರು ಕೂಡಿ ಪುರಸಭೆಯನ್ನು ಒಳಚರಂಡಿಗಾಗಿ ಕೇಳಬೇಕು. ಅದು ಬರುವವರೆಗೆ ಬಾವಿಯ ನೀರನ್ನು ಕುಡಿಯಲು ಬಳಸದಿರಬೇಕು.

ಇನ್ನು ಸೆಪ್ಟಿಕ್ ಟ್ಯಾಂಕು. ಫ್ರಾನ್ಸಿನ ಮೂರಾಸ್ ಎಂಬಾತ 1860ರ ಸುಮಾರಿಗೆ ಇಂತಹದೊಂದನ್ನು ಕಟ್ಟಿದ. 1895ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮೆರಾನ್ ಅದಕ್ಕೆ ಈಗಿನ ಹೆಸರಿಟ್ಟ. ಅದರ ಜೀವಾಳ ಒಂದೇ: ತಳವೂ ಗೋಡೆಯೂ ನೀರು ಸೋರದಂತಿರಬೇಕು. ಒಳಬಂದ ಕೊಳೆ ಅಲ್ಲಿ ನಿಶ್ಚಲವಾಗಿ ನಿಂತು ಮೂರು ಪದರಗಳಾಗುತ್ತದೆ. ಭಾರವಾದುದು ತಳದಲ್ಲಿ ಗಸಿಯಾಗುತ್ತದೆ. ಜಿಡ್ಡು ಮೇಲೆ ಕೆನೆಯಂತೆ ಹೆಪ್ಪುಗಟ್ಟುತ್ತದೆ. ನಡುವಣ ತಿಳಿನೀರು, ಕೆನೆ ಹೊರಹೋಗದಂತೆ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಜೋಡಿಸಿದ ಕೊಳವೆಯಿಂದ ಇಂಗುಗುಂಡಿಗೆ ಸಾಗುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಗಸಿಯನ್ನು ಮೆಲ್ಲಮೆಲ್ಲನೆ ಕರಗಿಸುತ್ತವೆ. ಐದು ಜನರ ಮನೆಗೆ ಒಂದೂವರೆ ಮೀಟರು ಉದ್ದ, ಮುಕ್ಕಾಲು ಮೀಟರು ಅಗಲ, ನೀರಿನ ಆಳ ಒಂದು ಮೀಟರಿಗೆ ತುಸು ಮೇಲೆ, ಇಷ್ಟಿದ್ದರೆ ಎರಡು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕಾಗುತ್ತದೆ. ಗಾಳಿಕೊಳವೆ ಮನೆಯ ಸೂರಿಗಿಂತ ಮೇಲೆ ಹೋಗಬೇಕು, ಅದರ ಬಾಯಿಗೆ ಸೊಳ್ಳೆ ನುಸುಳದ ಜಾಲರಿ ಬೇಕು. ಮಳೆಯ ನೀರನ್ನು ಇದರೊಳಕ್ಕೆ ಬಿಡಬಾರದು. ಫಿನಾಯಿಲು, ಆಸಿಡ್ಡುಗಳನ್ನು ಸುರಿದರೆ ಕೆಲಸ ಮಾಡುವ ಜೀವಿಗಳನ್ನೇ ಕೊಂದಂತೆ.

ಹೊರಬರುವ ತಿಳಿನೀರು ಶುದ್ಧವೆಂದು ಮಾತ್ರ ಭಾವಿಸಬಾರದು. ರೋಗಾಣುಗಳು ಅದರಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ತಡೆಯುವುದು ಮಣ್ಣು. ನಿಮ್ಮ ಮಣ್ಣು ಎಂತಹುದೆಂದು ನೋಡಲು ಒಂದು ಸಣ್ಣ ಕುಳಿ ತೋಡಿ, ರಾತ್ರಿಯೆಲ್ಲ ನೀರು ನಿಲ್ಲಿಸಿ ನೆನೆಯಲು ಬಿಟ್ಟು, ಮರುದಿನ ನೀರಿನ ಮಟ್ಟ 25 ಮಿಲಿಮೀಟರು ಇಳಿಯಲು ಎಷ್ಟು ನಿಮಿಷ ಬೇಕೆಂದು ಅಳೆಯುತ್ತಾರೆ. ಮೂವತ್ತು ನಿಮಿಷದೊಳಗಾದರೆ ಇಂಗುಗುಂಡಿ ಸಾಕು. ಅರುವತ್ತರವರೆಗಾದರೆ ಜಲ್ಲಿ ತುಂಬಿದ ಉದ್ದನೆಯ ಕಾಲುವೆ ಬೇಕು. ಅದಕ್ಕೂ ಮೀರಿದರೆ ಆ ನೆಲದಲ್ಲಿ ಇಂಗಿಸುವ ಆಸೆಯನ್ನೇ ಬಿಡಬೇಕು.

ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕೆಂದು ಕರೆಸಿಕೊಳ್ಳುವ ಎಷ್ಟೋ ತೊಟ್ಟಿಗಳಿಗೆ ತಳವೇ ಇರುವುದಿಲ್ಲ. ತಳಕ್ಕೆ ಕಾಂಕ್ರೀಟು ಹಾಕದಿದ್ದರೆ ಖರ್ಚೂ ಕಡಿಮೆ, ತುಂಬುವ ತಾಪತ್ರಯವೂ ಇಲ್ಲವೆಂದು ಕಟ್ಟುವವರೇ ಸಲಹೆ ಕೊಡುತ್ತಾರೆ. ನನಗೂ ಆ ಸಲಹೆ ಬಂತು. ತಳವಿಲ್ಲದ ಟ್ಯಾಂಕು ಹೆಸರು ಬದಲಿಸಿಕೊಂಡ ಹಳೆಯ ಗುಂಡಿ, ಬೇರೇನೂ ಅಲ್ಲ.

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದದ್ದು. ಹಳೆಯ ಗುಂಡಿಯನ್ನು ಖಾಲಿ ಮಾಡಬೇಕಲ್ಲ? ಈ ಕೆಲಸಕ್ಕೆಂದು ಬಂದವನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಎರಡು ಜನ ಹುಡುಗರನ್ನು ಕರೆತರುತ್ತೇನೆ ಸ್ವಾಮಿ. ರಾತ್ರಿ ಹತ್ತರ ಮೇಲೆ ಸ್ವಲ್ಪ ಕುಡಿಸಿ ಇಳಿಸಿದರೆ ಬೆಳಗಾಗುವುದರೊಳಗೆ ಮುಗಿಯುತ್ತದೆ. ಯಂತ್ರಕ್ಕಿಂತ ಸೋವಿ" ಎಂದ. ಅವನ ಧ್ವನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ತೆಂಗಿನಕಾಯಿ ಕೀಳಿಸುವ ಮಾತಿನಷ್ಟೇ ಸಹಜವಾಗಿತ್ತು. ಆ ಸಹಜತೆಗೆ ನಾನು ಬೆಚ್ಚಿದೆ. ಅವನನ್ನು ಕಳುಹಿಸಿಬಿಟ್ಟೆ.

ಗುಂಡಿಯೊಳಗೆ ಏನಿರುತ್ತದೆಂದು ಎಲ್ಲರೂ ತಿಳಿದಿರಬೇಕು. ಕೊಳೆಯುವ ಮಲದಿಂದ ಹೈಡ್ರೋಜನ್ ಸಲ್ಫೈಡು, ಮೀಥೇನು ಮೊದಲಾದ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕ್ಷೀಣಿಸಿರುತ್ತದೆ. ಹೈಡ್ರೋಜನ್ ಸಲ್ಫೈಡು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತವೇ ತಿಳಿಯದು. ವಾಸನೆ ಹೋಯಿತೆಂದು ಇಳಿದವನು ಒಂದೆರಡು ಉಸಿರಿನಲ್ಲಿ ಕುಸಿಯಬಹುದು. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. ಎರಡು ಮೂರು ಹೆಣಗಳು ಒಂದೇ ಗುಂಡಿಯಿಂದ ಬಂದವೆಂದು ಪತ್ರಿಕೆಯಲ್ಲಿ ಓದುವುದು ಇದರಿಂದಲೇ. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ನಂಬಬಾರದು. ಮೀಥೇನು ಹೊತ್ತಿಕೊಳ್ಳುವ ಅನಿಲ.

ಈ ಕೆಲಸ ಯಾರ ಪಾಲಿಗೆ ಬಂದಿತೆಂಬುದಕ್ಕೂ ಒಂದು ಇತಿಹಾಸವಿದೆ. 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಮಲ್ಲೇಶ್ವರದಂತಹ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಓಣಿಗಳಿವೆ. ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲೆಂದು ಬಿಟ್ಟ ದಾರಿ ಅದು. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದರು. ನಮ್ಮ ರಾಜ್ಯದ ಇತಿಹಾಸದಲ್ಲಿ ಅದೊಂದು ದೊಡ್ಡ ಘಟ್ಟ. ಆದರೆ ತಲೆಯ ಮೇಲಿನ ಬುಟ್ಟಿ ಇಳಿದ ಮೇಲೆ, ಅದೇ ಜನರನ್ನು ಗುಂಡಿಯೊಳಕ್ಕೆ ಇಳಿಸುವುದು ಉಳಿದುಕೊಂಡಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇಂತಹ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಇದರ ವಿರುದ್ಧ ದೇಶವ್ಯಾಪಿ ಚಳವಳಿ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಅದಕ್ಕಿಂತ ವ್ಯಾಪಕವಾದ ಇನ್ನೊಂದು ಕಾಯಿದೆ ಬಂದವು. 2013ರ ಕಾಯಿದೆಯ 7ನೆಯ ಕಲಮು ಗೃಹಸ್ಥರೆಲ್ಲ ಗಮನಿಸಬೇಕಾದುದು. ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ, ನೇರವಾಗಿಯಾಗಲಿ ಇನ್ನೊಬ್ಬರ ಮೂಲಕವಾಗಲಿ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಮನುಷ್ಯರನ್ನು ನೇಮಿಸಕೂಡದು. ವ್ಯಕ್ತಿ ಎಂದರೆ ನಾನು, ನೀವು. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ನಮ್ಮ ಗುಂಡಿಯನ್ನು ಪುರಸಭೆಯ ಸಕ್ಕಿಂಗ್ ಲಾರಿ ಬಂದು ಖಾಲಿ ಮಾಡಿತು, ಯಾರೂ ಇಳಿಯಲಿಲ್ಲ. ಸರದಿ ಬರಲು ಹನ್ನೊಂದು ದಿನ ಕಾಯಬೇಕಾಯಿತು. ಖಾಲಿಯಾದ ಗುಂಡಿಯನ್ನು ಹಾಗೆಯೇ ಬಿಡುವುದು ಅಪಾಯ. ಸುಣ್ಣ ಎರಚಿ, ಮೇಲಿನಿಂದಲೇ ಕಲ್ಲು, ಮರಳು, ಮಣ್ಣುಗಳನ್ನು ಪದರಪದರವಾಗಿ ತುಂಬಿ ದಿಮ್ಮಸು ಹಾಕಿಸಿದೆವು. ಒಂದು ಮಳೆಗಾಲ ಕಳೆದು ಮಣ್ಣು ಕುಸಿದಷ್ಟಕ್ಕೆ ಮತ್ತೆ ಮಣ್ಣು ತುಂಬಿಸಿದೆವು.

ಆ ಲಾರಿ ಹೊತ್ತೊಯ್ದದ್ದು ಎಲ್ಲಿಗೆ ಹೋಯಿತೆಂದು ಕೇಳದಿದ್ದರೆ ನಮ್ಮ ಮೊದಲ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ. ಊರಾಚೆಯ ಹಳ್ಳಕ್ಕೋ ಕೆರೆಯ ಅಂಗಳಕ್ಕೋ ಸುರಿದರೆ ನಾವೂ ಥೇಮ್ಸ್ ನದಿಯ ಕತೆಯನ್ನೇ ಬರೆದಂತೆ. ಒಳಚರಂಡಿಯಿಲ್ಲದ ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಗಸಿಯನ್ನೇ ಸಂಸ್ಕರಿಸುವ ಘಟಕವೊಂದು ಆರಂಭವಾಯಿತು; ದೇಶದಲ್ಲಿ ಊರಿನ ಮಟ್ಟಕ್ಕೆ ಕಟ್ಟಿದ ಇಂತಹ ಘಟಕಗಳಲ್ಲಿ ಅದು ಮೊದಮೊದಲಿನದು. ಗಸಿಯನ್ನು ಒಣಗಿಸಿ ಗೊಬ್ಬರ ಮಾಡುವುದು ಅಲ್ಲಿನ ಕ್ರಮ. ನಿಮ್ಮ ಊರಿನ ಲಾರಿ ಎಲ್ಲಿ ಸುರಿಯುತ್ತದೆಂದು ಪುರಸಭೆಯನ್ನು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ.

ಇದು ನಮ್ಮ ದೇಶದ ಪಾಡು ಮಾತ್ರವೆಂದು ತಿಳಿಯಬೇಕಾಗಿಲ್ಲ. ಸಿರಿವಂತ ಅಮೆರಿಕದ ಹವಾಯಿ ದ್ವೀಪಗಳಲ್ಲಿ ಇಂತಹ ಹಳೆಯ ಗುಂಡಿಗಳು ಎಂಬತ್ತು ಸಾವಿರಕ್ಕೂ ಮೇಲಿದ್ದವು. ಅಲ್ಲಿನ ಜ್ವಾಲಾಮುಖಿಯ ಬಂಡೆ, ನಮ್ಮ ಜಂಬಿಟ್ಟಿಗೆಯ ಹಾಗೆ, ಕೊಳೆಯನ್ನು ಅಂತರ್ಜಲಕ್ಕೂ ಸಮುದ್ರದ ಹವಳಗಳಿಗೂ ಮುಟ್ಟಿಸುತ್ತದೆ. 2050ನೆಯ ಇಸವಿಯ ಹೊತ್ತಿಗೆ ಎಲ್ಲವನ್ನೂ ಬದಲಿಸಬೇಕೆಂದು 2017ರಲ್ಲಿ ಅಲ್ಲಿ ಕಾಯಿದೆಯಾಯಿತು.

ಹೊಸ ಟ್ಯಾಂಕಿನ ಮುಚ್ಚಳದ ಪಕ್ಕದ ಗೋಡೆಯ ಮೇಲೆ, ಗಸಿ ತೆಗೆಸಿದ ದಿನವನ್ನೂ ಮುಂದೆ ತೆಗೆಸಬೇಕಾದ ದಿನವನ್ನೂ ಬಣ್ಣದಲ್ಲಿ ಬರೆಸಿದ್ದೇನೆ. ಬಂದವರು ಅದೇನೆಂದು ಕೇಳುತ್ತಾರೆ. ಎರಡು ವರ್ಷಕ್ಕೆ ತುಂಬುತ್ತದೆಯೇ ಎಂದು ಕೆಲವರು ಮರುಗುವುದೂ ಉಂಟು. ತುಂಬಲೆಂದೇ ಕಟ್ಟಿಸಿದ್ದೇನೆ ಎಂದು ಅವರಿಗೆ ಹೇಳುತ್ತೇನೆ.